ಗುಂಡ್ಲುಪೇಟೆಯ ನೆತ್ತಿಯ ಮೇಲಿನ ಬೇರಿಯಂ

ರಾತ್ರಿ ಒಂಬತ್ತಾದರೆ ಕೇರಳದ ದಾರಿಯ ಮದ್ದೂರಿನಲ್ಲೂ ಊಟಿ ದಾರಿಯ ಮೇಲುಕಾಮನಹಳ್ಳಿಯಲ್ಲೂ ಚೆಕ್‌ಪೋಸ್ಟ್ ಗೇಟು ಬೀಳುತ್ತದೆ. ಬೆಳಗಿನ ಆರರವರೆಗೆ ಬಂಡೀಪುರದ ಕಾಡಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ತುರ್ತು ವಾಹನಗಳಿಗೆ, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2009ರಲ್ಲಿ ಬಂದ ಈ ಕಟ್ಟಳೆಯ ಮೇಲೆ ಕೋರ್ಟು ಕಚೇರಿಗಳಲ್ಲಿ ಆಗಿರುವ ವಾದ ಸಾಕಷ್ಟಿದೆ, ಅದನ್ನು ಇಲ್ಲಿ ಕೆದಕುವುದಿಲ್ಲ. ಆನೆ, ಜಿಂಕೆಗಳಿಗೆಂದು ಮಾಡಿದ ಈ ಏರ್ಪಾಡಿನಿಂದ ಕಾಡಂಚಿನ ಊರುಗಳಿಗೆ ಪುಕ್ಕಟೆಯಾಗಿ ಸಿಕ್ಕಿದ್ದು ಒಂದಿಷ್ಟು ಒಳ್ಳೆಯ ಕತ್ತಲು.

ಮಾರ್ಚ್ ಮೊದಲ ವಾರ ಚಂದ್ರನಿಲ್ಲದ ರಾತ್ರಿ ಹತ್ತೂಕಾಲರ ಸುಮಾರಿಗೆ ಗುಂಡ್ಲುಪೇಟೆಯ ಹೊಲದ ಬದುವಿನ ಮೇಲೆ ನಿಂತು ಕತ್ತು ಪೂರಾ ಹಿಂದಕ್ಕೆ ಹಾಕಿ. ನೆತ್ತಿಯ ಕೊಂಚ ಉತ್ತರಕ್ಕೆ ಪುಷ್ಯ, ಕೊಂಚ ದಕ್ಷಿಣಕ್ಕೆ ಆಶ್ಲೇಷ. ಎರಡೂ ನಮ್ಮ ರೈತರಿಗೆ ಮಳೆಗಳಾಗಿ ಗೊತ್ತು, ನಕ್ಷತ್ರಗಳಾಗಿ ಅಷ್ಟು ಗೊತ್ತಿಲ್ಲ. ಇವೆರಡರ ನಡುವೆ, ಸರಿಯಾಗಿ ನೆತ್ತಿಯಲ್ಲಿ, ಬೈನಾಕ್ಯುಲರ್ ಹಿಡಿದರೆ ಮಸುಕು ಬೆಳಕಿನ ಒಂದು ಚುಕ್ಕೆ ಸಿಗುತ್ತದೆ. ಅದರ ಹೆಸರು ಎಂ-67. ಸುಮಾರು 2,800 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛ. ಗುಂಡ್ಲುಪೇಟೆ ಇರುವುದು ಭೂಮಿಯ ಸಮಭಾಜಕ ರೇಖೆಯಿಂದ 11.8 ಡಿಗ್ರಿ ಉತ್ತರಕ್ಕೆ. ಎಂ-67 ಇರುವುದು ಆಕಾಶದ ಸಮಭಾಜಕದಿಂದ 11.8 ಡಿಗ್ರಿ ಉತ್ತರಕ್ಕೆ. ಹಾಗಾಗಿ ದಿನಕ್ಕೊಮ್ಮೆ ಅದು ಈ ಊರಿನ ತಲೆಯ ಮೇಲೇ ಹಾದುಹೋಗುತ್ತದೆ. ಚಾಮರಾಜನಗರದವರು ಬೇಸರಿಸಬೇಕಿಲ್ಲ, ಅವರಿಗೆ ತಪ್ಪುವುದು ಒಂದು ಡಿಗ್ರಿಯ ಹತ್ತನೇ ಒಂದು ಪಾಲು ಅಷ್ಟೇ.

(ಅಕ್ಷಾಂಶದ ಮಾತು ಬಂದದ್ದರಿಂದ ಹೇಳುತ್ತೇನೆ. ಗುಂಡ್ಲುಪೇಟೆಯಿಂದ ಘಾಟಿ ಹತ್ತಿ ಊಟಿಗೆ ಹೋದರೆ ಮುತ್ತೋರೈ ಎಂಬಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ ಗುಡ್ಡದ ಇಳಿಜಾರಿನಲ್ಲಿ ಮಲಗಿದೆ. ಗೋವಿಂದ ಸ್ವರೂಪ್ 1970ರಲ್ಲಿ ಅದನ್ನು ಅಲ್ಲಿ ಕಟ್ಟಿದ್ದಕ್ಕೆ ಕಾರಣ, ಆ ಇಳಿಜಾರಿನ ಕೋನ ಆ ಜಾಗದ ಅಕ್ಷಾಂಶದಷ್ಟೇ ಇತ್ತು. ಪ್ರವಾಸಕ್ಕೆ ಹೋದವರು ಬೊಟಾನಿಕಲ್ ಗಾರ್ಡನ್ ನೋಡಿ ಬರುತ್ತಾರೆ, ಇದನ್ನು ನೋಡುವವರು ಕಡಿಮೆ.)

ಎಂ-67ರಲ್ಲಿ ಡಬ್ಲ್ಯುಓಸಿಎಸ್ 9005 ಎಂಬ ನಕ್ಷತ್ರವಿದೆ. ಗುಚ್ಛದಲ್ಲಿರುವ ನಕ್ಷತ್ರಗಳೆಲ್ಲ ಒಟ್ಟಿಗೆ ಹುಟ್ಟಿದವು, ವಯಸ್ಸು ಸುಮಾರು 400 ಕೋಟಿ ವರ್ಷ. ಈ ವಯಸ್ಸಿಗೆ ಇಷ್ಟು ನೀಲಿಯಾಗಿ, ಇಷ್ಟು ಪ್ರಕಾಶವಾಗಿ ಇರಬಾರದ ಕೆಲವು ನಕ್ಷತ್ರಗಳು ಅಲ್ಲಿವೆ. ಖಗೋಳದವರು ಅವನ್ನು ಬ್ಲೂ ಸ್ಟ್ರ್ಯಾಗ್ಲರ್ ಎನ್ನುತ್ತಾರೆ. 9005 ಅವುಗಳಲ್ಲೊಂದು. 2024ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಮ್, ಹರ್ಷಿತ್ ಪಾಲ್ ಮತ್ತು ಸಂಗಡಿಗರು ಇದರ ಬೆಳಕನ್ನು ಬಿಡಿಸಿ ನೋಡಿದರು. ಕಬ್ಬಿಣಕ್ಕೆ ಹೋಲಿಸಿದರೆ ಬೇರಿಯಂ ಇರಬೇಕಾದ್ದಕ್ಕಿಂತ ಐದೂವರೆ ಪಟ್ಟು ಹೆಚ್ಚು. ಇಟ್ರಿಯಂ ಹನ್ನೆರಡು ಪಟ್ಟು. ಲ್ಯಾಂಥನಂ ನಾಲ್ಕೂವರೆ ಪಟ್ಟು. ಈ ಮೂರನ್ನೂ ತಯಾರಿಸುವ ತಾಕತ್ತು ಆ ನಕ್ಷತ್ರಕ್ಕೆ ಇಲ್ಲ. ಯಾರೋ ಕೊಟ್ಟಿರಬೇಕು.

ಬೇರಿಯಂ ನಮಗೆ ಅಪರಿಚಿತವೇನಲ್ಲ. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಆಸ್ಪತ್ರೆಗೆ ಹೋದವರಿಗೆ ಎಕ್ಸ್‌ರೇಗೆ ಮುಂಚೆ ಕುಡಿಸುವ ಬಿಳಿ ದ್ರವ ಬೇರಿಯಂ ಸಲ್ಫೇಟೇ. ಆ ಲೋಟದಲ್ಲಿರುವ ಬೇರಿಯಮ್ಮಿನ ಬಹುಪಾಲು ಸೂರ್ಯ ಹುಟ್ಟುವ ಮುಂಚೆಯೇ ಮುದಿ ನಕ್ಷತ್ರಗಳ ಹೊಟ್ಟೆಯಲ್ಲಿ ತಯಾರಾದದ್ದು. ಸೂರ್ಯನಷ್ಟೋ ಅದರ ಎರಡು ಮೂರು ಪಟ್ಟೋ ತೂಕದ ನಕ್ಷತ್ರ ಕೊನೆಗಾಲದಲ್ಲಿ ಊದಿಕೊಂಡು ಕೆಂಪು ದೈತ್ಯವಾಗುತ್ತದೆ. ಒಳಗೆ ಹೀಲಿಯಂ ಉರಿದು ಇಂಗಾಲವಾಗುತ್ತದೆ. ಅಲ್ಲೇ ಬಿಡುಗಡೆಯಾಗುವ ನ್ಯೂಟ್ರಾನುಗಳನ್ನು ಕಬ್ಬಿಣದ ಪರಮಾಣುಗಳು ಒಂದೊಂದಾಗಿ, ನಿಧಾನಕ್ಕೆ ನುಂಗುತ್ತ ಭಾರವಾಗುತ್ತ ಹೋಗುತ್ತವೆ. ಇಟ್ರಿಯಂ, ಬೇರಿಯಂ, ಲ್ಯಾಂಥನಂ, ಕಡೆಗೆ ಸೀಸ. ದೈತ್ಯನ ಮೈ ಆಗಾಗ ಆಳದವರೆಗೆ ಕದಡಿ ಈ ಸರಕೆಲ್ಲ ಮೇಲೆ ಬರುತ್ತದೆ, ಆಮೇಲೆ ಗಾಳಿಯಾಗಿ ಹೊರಗೆ ಹಾರಿಹೋಗುತ್ತದೆ. ಪಕ್ಕದಲ್ಲೊಂದು ಜೊತೆಗಾರ ನಕ್ಷತ್ರವಿದ್ದರೆ ಅದರ ಮೇಲೂ ಬೀಳುತ್ತದೆ. ಎಲ್ಲ ಕಳೆದುಕೊಂಡ ದೈತ್ಯ ಕೊನೆಗೆ ಶ್ವೇತಕುಬ್ಜವಾಗಿ ಕೂರುತ್ತದೆ: ಸೂರ್ಯನ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ತೂಕ, ಗಾತ್ರ ಮಾತ್ರ ಭೂಮಿಯಷ್ಟು.

9005ರ ಪಕ್ಕದಲ್ಲಿ ಹಾಗೆ ಕೂತಿರುವ ಶ್ವೇತಕುಬ್ಜವನ್ನು ಕಣ್ಣಿಗೆ ಬೀಳುವಂತೆ ಮಾಡಿದ್ದು ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ, ಯುವಿಐಟಿ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆ ಉಪಗ್ರಹದ ಈ ಉಪಕರಣವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಖಭೌತ ಸಂಸ್ಥೆಯ ಆವರಣದಲ್ಲೇ. ಸಾಮಾನ್ಯ ಬೆಳಕಿನಲ್ಲಿ ದೊಡ್ಡ ನಕ್ಷತ್ರದ ಪ್ರಭೆಯಲ್ಲಿ ಕುಬ್ಜ ಮುಚ್ಚಿಹೋಗಿತ್ತು. ನೇರಳಾತೀತದಲ್ಲಿ ದೊಡ್ಡದು ಮಂಕಾಗಿ ಚಿಕ್ಕದರ ಬೆಳಕು ಹೊರಗೆ ಬಂತು. ಅದಿನ್ನೂ ಬಿಸಿಯಾಗಿದೆ, ಹತ್ತು ಸಾವಿರ ಡಿಗ್ರಿಯ ಆಚೀಚೆ. ಅದು ಕುಬ್ಜವಾಗಿ ಸುಮಾರು ಆರು ಕೋಟಿ ವರ್ಷವಾಗಿದೆ ಎಂದು ಲೆಕ್ಕ ಹಾಕಿದ್ದಾರೆ. ನಕ್ಷತ್ರಗಳ ಬದುಕಿನಲ್ಲಿ ಅದು ಮೊನ್ನೆ ಮೊನ್ನೆಯ ಮಾತು. ಕೊಟ್ಟವನು ಹೊಸದಾಗಿ ಸತ್ತದ್ದರಿಂದ ಸಿಕ್ಕಿಬಿದ್ದ.

ಇಷ್ಟು ಸಲೀಸಾಗಿ ಎಲ್ಲ ಜೊತೆಗಾರರೂ ಸಿಗುವುದಿಲ್ಲ. ನಿಜವಾದ ಕಷ್ಟ ಇರುವುದು ಆಕಾಶಗಂಗೆಯ ಅತಿ ಹಳೆಯ ನಕ್ಷತ್ರಗಳಲ್ಲಿ.

ಖಗೋಳದವರ ಲೆಕ್ಕದಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹವೇ. ಮಹಾಸ್ಫೋಟದಲ್ಲಿ ಬಹುಮಟ್ಟಿಗೆ ಆ ಎರಡೇ ಹುಟ್ಟಿದ್ದು, ಮಿಕ್ಕವನ್ನು ನಕ್ಷತ್ರಗಳೇ ತಲೆಮಾರಿನಿಂದ ತಲೆಮಾರಿಗೆ ಮಾಡಿ ಕೂಡಿಟ್ಟವು. ಆದ್ದರಿಂದ ಕಬ್ಬಿಣ ಎಷ್ಟು ಕಡಿಮೆಯೋ ನಕ್ಷತ್ರ ಸಾಮಾನ್ಯವಾಗಿ ಅಷ್ಟು ಹಳೆಯದು. ಸೂರ್ಯನಲ್ಲಿರುವ ಕಬ್ಬಿಣದ ನೂರನೇ ಒಂದು ಭಾಗಕ್ಕಿಂತ ಕಡಿಮೆ ಇರುವ ನಕ್ಷತ್ರಗಳನ್ನು ಹುಡುಕುತ್ತ ಹೋದಾಗ ಒಂದು ವಿಚಿತ್ರ ಎದುರಾಯಿತು. ಅವುಗಳಲ್ಲಿ ಐದಕ್ಕೊಂದು ನಕ್ಷತ್ರದಲ್ಲಿ ಕಬ್ಬಿಣ ಬರಿದೋ ಬರಿದು, ಇಂಗಾಲ ಮಾತ್ರ ಹೇರಳ. ಕಬ್ಬಿಣ ಇನ್ನೂ ಕಡಿಮೆಯಾದ ಹಾಗೆ ಈ ಪ್ರಮಾಣ ಏರುತ್ತದೆ. ಸಾವಿರದ ಒಂದು ಭಾಗಕ್ಕಿಂತ ಕೆಳಗೆ ಹತ್ತಕ್ಕೆ ನಾಲ್ಕು, ಹತ್ತು ಸಾವಿರದ ಒಂದು ಭಾಗಕ್ಕಿಂತ ಕೆಳಗೆ ಹತ್ತಕ್ಕೆ ಎಂಟು. ತಿಮೊತಿ ಬೀರ್ಸ್ ಮತ್ತು ನಾರ್ಬರ್ಟ್ ಕ್ರಿಸ್ಟ್ಲೀಬ್ 2005ರಲ್ಲಿ ಇವನ್ನು ವಿಂಗಡಿಸಿ ಪಂಗಡಗಳ ಹೆಸರು ಕೊಟ್ಟರು. ನಮಗೆ ಬೇಕಾದವು ಎರಡು: ಇಂಗಾಲದ ಜೊತೆ ಬೇರಿಯಮ್ಮೂ ಹೆಚ್ಚಿರುವ ಪಂಗಡ, ಇಂಗಾಲ ಮಾತ್ರ ಹೆಚ್ಚಿದ್ದು ಬೇರಿಯಂ ಇಲ್ಲದ ಪಂಗಡ.

ಕರ್ನಾಟಕದಲ್ಲಿ ಈ ಕೆಲಸವನ್ನು ಪಟ್ಟುಹಿಡಿದು ಮಾಡುತ್ತ ಬಂದವರು ಅದೇ ಖಭೌತ ಸಂಸ್ಥೆಯ ಅರುಣಾ ಗೋಸ್ವಾಮಿ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕೂರುವುದು ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ. ಆ ದೂರದರ್ಶಕ ಹಿಡಿದು 2005ರಲ್ಲೇ ಗೋಸ್ವಾಮಿಯವರು ಮಸುಕಾದ ಇಂಗಾಲ ನಕ್ಷತ್ರಗಳ ಪಟ್ಟಿಯೊಂದನ್ನು ಜಾಲಾಡಿ ಅವುಗಳಲ್ಲಿ ಸಿಎಚ್ ನಕ್ಷತ್ರಗಳು, ಅಂದರೆ ಇಂಗಾಲ-ಹೈಡ್ರೋಜನ್ ಅಣುವಿನ ಗುರುತು ದಟ್ಟವಾಗಿರುವವು, ಯಾವುವು ಎಂದು ಬೇರ್ಪಡಿಸಿದರು. ಮೇಲೆ ಹೇಳಿದ ಬೇರಿಯಂ ಪಂಗಡಕ್ಕೆ ಈ ಸಿಎಚ್ ನಕ್ಷತ್ರಗಳು ಹತ್ತಿರದ ನೆಂಟರು. ಆಮೇಲೆ ಅವರ ವಿದ್ಯಾರ್ಥಿಗಳ ತಂಡ ಒಂದೊಂದು ನಕ್ಷತ್ರದ ಮೂಲಧಾತುಗಳ ಪಟ್ಟಿ ಮಾಡುತ್ತ, ಕೊಟ್ಟ ದೈತ್ಯ ಎಷ್ಟು ತೂಕದ್ದಿರಬಹುದು, ಅದರ ಒಳಗೆ ನ್ಯೂಟ್ರಾನುಗಳು ಎಷ್ಟು ದಟ್ಟವಾಗಿದ್ದವು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತ ಬಂದಿದೆ. ಎಚ್‌ಇ 1005-1439 ಎಂಬ ನಕ್ಷತ್ರದಲ್ಲಿ ಎರಡು ಬೇರೆ ಬೇರೆ ವೇಗದ ನ್ಯೂಟ್ರಾನ್ ಪ್ರಕ್ರಿಯೆಗಳ ಗುರುತು ಒಟ್ಟಿಗೇ ಇದೆ ಎಂದು 2022ರಲ್ಲಿ ಅವರು ತೋರಿಸಿದ್ದು ಇಂಥದೇ ಲೆಕ್ಕದಿಂದ.

ಇದೆಲ್ಲ ಜೊತೆಗಾರನ ಕೈಬರಹ. ಜೊತೆಗಾರ ಎಲ್ಲಿ?

ಈ ನಕ್ಷತ್ರಗಳ ತೂಕ ಸೂರ್ಯನ ನೂರರಲ್ಲಿ ಎಂಬತ್ತು ಭಾಗದಷ್ಟು, ವಯಸ್ಸು ಸಾವಿರ ಕೋಟಿ ವರ್ಷದ ಮೇಲೆ. ಪಕ್ಕದ ದೈತ್ಯ ಬೇರಿಯಂ ಸುರಿದು ಸತ್ತದ್ದು ಬಹುಪಾಲು ಆ ಆದಿಕಾಲದಲ್ಲೇ. ಅಂದಿನಿಂದ ತಣಿಯುತ್ತ ಬಂದ ಶ್ವೇತಕುಬ್ಜದಲ್ಲಿ ಈಗ ನೇರಳಾತೀತಕ್ಕೆ ಬೇಕಾದ ಬಿಸಿ ಉಳಿದಿಲ್ಲ. ಯುವಿಐಟಿಯಂಥ ಕಣ್ಣೂ ಇಲ್ಲಿ ಸೋಲುತ್ತದೆ. ಉಳಿದ ದಾರಿ ಒಂದೇ, ಕಾಣುವ ನಕ್ಷತ್ರದ ಓಲಾಟ ನೋಡುವುದು.

ಮಾದಪ್ಪನ ಬೆಟ್ಟದಲ್ಲಿ ಬೀಸು ಕಂಸಾಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾರಕ್ಕೆ ಕಟ್ಟಿದ ಕಂಚಿನ ತಾಳವನ್ನು ಕಲಾವಿದ ಸುತ್ತ ಬೀಸುತ್ತಾನೆ. ತಾಳ ಒಂದು ಕಡೆ ಎಳೆದರೆ ಅವನ ಮೈ ಇನ್ನೊಂದು ಕಡೆ ವಾಲುತ್ತದೆ. ಕತ್ತಲಲ್ಲಿ ತಾಳ ಕಾಣದೆ ಅವನ ಬಿಳಿ ಪಂಚೆ ಮಾತ್ರ ಕಂಡರೂ, ಆ ವಾಲಾಟದ ಲಯದಿಂದ ಕೈಯಲ್ಲಿ ಏನೋ ಭಾರದ್ದು ಸುತ್ತುತ್ತಿದೆ ಎಂದು ಹೇಳಬಹುದು, ಎಷ್ಟು ಹೊತ್ತಿಗೆ ಒಂದು ಸುತ್ತು ಎಂದೂ ಹೇಳಬಹುದು. ಫ್ರೆಡ್ರಿಕ್ ಬೆಸೆಲ್ 1844ರಲ್ಲಿ ಲುಬ್ಧಕ ನಕ್ಷತ್ರದ ಓಲಾಟ ನೋಡಿ ಅದಕ್ಕೆ ಕಾಣದ ಜೊತೆಗಾರನಿದ್ದಾನೆ ಎಂದದ್ದು ಹೀಗೆಯೇ. ಹದಿನೆಂಟು ವರ್ಷದ ಮೇಲೆ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ಕಣ್ಣಾರೆ ಕಂಡ. ಅದೂ ಶ್ವೇತಕುಬ್ಜ.

ಲುಬ್ಧಕ ಇರುವುದು 8.6 ಜ್ಯೋತಿರ್ವರ್ಷದಲ್ಲಿ, ಓಲಾಟ ನೇರವಾಗಿ ಕಾಣಿಸಿತು. ಸಾವಿರಾರು ಜ್ಯೋತಿರ್ವರ್ಷ ದೂರದ ನಕ್ಷತ್ರದ್ದು ಹಾಗೆ ಕಾಣುವುದಿಲ್ಲ. ಅಲ್ಲಿ ನೋಡುವುದು ರೋಹಿತವನ್ನು. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಹರಡಿದಾಗ ಅದರಲ್ಲಿ ಕಪ್ಪು ಗೆರೆಗಳಿರುತ್ತವೆ. ಬೇರಿಯಮ್ಮಿನ ದಟ್ಟ ಗೆರೆಯೊಂದು 4554 ಆಂಗ್‌ಸ್ಟ್ರಾಮ್ ಬಳಿ, ಇಂಗಾಲ-ಹೈಡ್ರೋಜನ್ ಅಣುವಿನ ಪಟ್ಟೆ 4300ರ ಬಳಿ. ನಕ್ಷತ್ರ ನಮ್ಮ ಕಡೆ ಬಂದರೆ ಗೆರೆಗಳೆಲ್ಲ ಕೂದಲೆಳೆಯಷ್ಟು ನೀಲಿಗೆ ಸರಿಯುತ್ತವೆ, ದೂರ ಹೋದರೆ ಕೆಂಪಿಗೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಸರಿತ ಮೂರು ಲಕ್ಷದಲ್ಲಿ ಒಂದು ಭಾಗ. ಹಾನ್ಲೆಯಲ್ಲಿರುವ ಎಷೆಲ್ ರೋಹಿತದರ್ಶಕದ ಅತಿ ಸೂಕ್ಷ್ಮ ಹದದಲ್ಲೂ ಒಂದು ಗೆರೆಯಿಂದ ಇಷ್ಟನ್ನು ನಿಖರವಾಗಿ ಹಿಡಿಯುವುದು ಕಷ್ಟ. ಅದಕ್ಕೇ ನೂರಾರು ಗೆರೆಗಳನ್ನು ಒಟ್ಟಿಗೆ ಅಳೆದು ಸರಾಸರಿ ತೆಗೆಯುತ್ತಾರೆ. ಪಕ್ಕದಲ್ಲಿ ಥೋರಿಯಂ-ಆರ್ಗಾನ್ ದೀಪದ ಗೆರೆಗಳನ್ನು ಅಳತೆಪಟ್ಟಿಯಾಗಿ ಇಟ್ಟುಕೊಳ್ಳುತ್ತಾರೆ. ಭೂಮಿ ತಾನೇ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದೆಯಲ್ಲ, ಅದನ್ನೂ ಕಳೆಯಬೇಕು. ಇಷ್ಟೆಲ್ಲ ಆದ ಮೇಲೆ ಸಿಗುವುದು ಒಂದು ಸಂಖ್ಯೆ, ಆ ರಾತ್ರಿಯ ವೇಗ. ಒಂದು ರಾತ್ರಿಯ ವೇಗದಿಂದ ಏನೂ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ, ಮುಂದಿನ ವರ್ಷ ಮತ್ತೆ. ಬಹಳಷ್ಟು ಜೋಡಿಗಳ ಒಂದು ಸುತ್ತಿಗೆ ನೂರಾರು ದಿನದಿಂದ ಹಿಡಿದು ಸಾವಿರಾರು ದಿನ ಬೇಕು.

ನನ್ನ ಮಟ್ಟಿಗೆ ಈ ವಿಜ್ಞಾನದ ಸ್ವಾರಸ್ಯ ಇಲ್ಲೇ ಇದೆ. ಇದು ದೊಡ್ಡ ಕನ್ನಡಿಯ ಕೆಲಸಕ್ಕಿಂತ ತಾಳ್ಮೆಯ ಕೆಲಸ. ಕೆನಡಾದ ರಾಬರ್ಟ್ ಮೆಕ್‌ಕ್ಲೂರ್ 1980ರ ದಶಕದಲ್ಲಿ ಬೇರಿಯಂ ನಕ್ಷತ್ರಗಳೂ ಸಿಎಚ್ ನಕ್ಷತ್ರಗಳೂ ಹೆಚ್ಚುಕಡಿಮೆ ಎಲ್ಲವೂ ಜೋಡಿಗಳೇ ಎಂದು ತೋರಿಸಿದ್ದು ವಿಕ್ಟೋರಿಯಾದ 1.2 ಮೀಟರಿನ ಸಾಧಾರಣ ದೂರದರ್ಶಕದಿಂದ, ವರ್ಷಗಟ್ಟಲೆ ಅವೇ ನಕ್ಷತ್ರಗಳಿಗೆ ಮರಳಿ ಮರಳಿ ಹೋಗಿ. ಇಂಗಾಲ ಹೆಚ್ಚಿರುವ ಹಳೆಯ ನಕ್ಷತ್ರಗಳಿಗೆ ಇದೇ ಪ್ರಶ್ನೆ ಹಾಕಿದವರು ತೆರೆಸೆ ಹ್ಯಾನ್‌ಸೆನ್ ಮತ್ತು ಸಂಗಡಿಗರು. ಲಾ ಪಾಲ್ಮಾ ದ್ವೀಪದ ಎರಡೂವರೆ ಮೀಟರ್ ದೂರದರ್ಶಕದಲ್ಲಿ ಎಂಟು ವರ್ಷ ಅಳೆದು 2016ರಲ್ಲಿ ಲೆಕ್ಕ ಒಪ್ಪಿಸಿದರು. ಬೇರಿಯಂ ಇರುವ ಪಂಗಡದ 22 ನಕ್ಷತ್ರಗಳಲ್ಲಿ 18 ಓಲಾಡುತ್ತಿದ್ದವು. ನಾಲ್ಕು ಮಾತ್ರ ಅಲುಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರನ್ನು ನಂಬುತ್ತಿರಲಿಲ್ಲ. ಚಾಮರಾಜನಗರದವರಿಗೆ ಈ ಅನುಮಾನ ಸಹಜವಾಗಿ ಬರಬೇಕು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತನ್ನು ದಶಕಗಳ ಕಾಲ ಕೇಳಿದ್ದೇವೆ. ಬಂದು ಕಳೆದುಕೊಂಡವರ ಹೆಸರು ಎಲ್ಲರ ಬಾಯಲ್ಲಿತ್ತು, ಬಾರದೆಯೂ ಕಳೆದುಕೊಂಡವರನ್ನು ಯಾರೂ ಎಣಿಸಲಿಲ್ಲ. ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದ 2013ರಿಂದ 2018ರ ಅವಧಿಯಲ್ಲಿ ಹಲವು ಸಲ ಬಂದು ಹೋದರು, ಐದು ವರ್ಷ ಪೂರ್ತಿ ಮುಗಿಸಿದರು. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದ ಲೆಕ್ಕ ಲೆಕ್ಕವೇ ಅಲ್ಲ. ಹ್ಯಾನ್‌ಸೆನ್ ತಂಡ ಆ ಇನ್ನೊಂದು ಗುಂಪನ್ನೂ ಅಳೆದಿತ್ತು. ಬೇರಿಯಂ ಇಲ್ಲದೆ ಇಂಗಾಲ ಮಾತ್ರ ಇರುವ 24 ನಕ್ಷತ್ರಗಳು, ಅದೇ ದೂರದರ್ಶಕ, ಅದೇ ವಿಧಾನ. ಓಲಾಡಿದ್ದು ನಾಲ್ಕೇ. ಸಾಮಾನ್ಯ ನಕ್ಷತ್ರಗಳಲ್ಲೂ ಸುಮಾರಾಗಿ ಅಷ್ಟೇ ಪ್ರಮಾಣ. ಅಂದರೆ ಬೇರಿಯಂ ಬಂದದ್ದು ಜೊತೆಗಾರನಿಂದ ಎಂಬುದು ಗಟ್ಟಿಯಾಯಿತು. ಎರಡನೆಯ ಪಂಗಡಕ್ಕೆ ಇಂಗಾಲ ಬೇರೆಲ್ಲಿಂದಲೋ ಬಂದಿರಬೇಕು. ಬಹುಶಃ ವಿಶ್ವದ ಮೊದಲ ತಲೆಮಾರಿನ ನಕ್ಷತ್ರಗಳು ಸಿಡಿದಾಗ ಕಬ್ಬಿಣ ಒಳಗೇ ಕುಸಿದು ಇಂಗಾಲ ಮಾತ್ರ ಹೊರಗೆ ಬಂದ ಮೋಡದಿಂದ ಅವು ಹುಟ್ಟಿರಬೇಕು. ಹಾಗಿದ್ದರೆ ಆ ಮೊದಲ ತಲೆಮಾರಿನ ವಿಳಾಸ ಸಿಗುವುದು ಇವುಗಳಲ್ಲೇ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳುವಂತಿಲ್ಲ. ಅಲುಗದ ಆ ನಾಲ್ಕರಲ್ಲಿ ಕೆಲವಕ್ಕೆ ಜೊತೆಗಾರನಿದ್ದೂ ಸುತ್ತುವ ತಟ್ಟೆ ನಮಗೆ ಮುಖ ಮಾಡಿ ಮಲಗಿರಬಹುದು. ಆಗ ನಕ್ಷತ್ರ ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ, ಗೆರೆ ಸರಿಯುವುದಿಲ್ಲ. ಇಲ್ಲವೇ ಸುತ್ತು ಅಳತೆಗಾರರ ತಾಳ್ಮೆಗಿಂತ ಉದ್ದವಿರಬಹುದು. ಅಂಥ ಉದ್ದದ ಸುತ್ತಿಗೆ ಉದಾಹರಣೆ ಬೇರೊಂದು ನಕ್ಷತ್ರ, ಎಚ್‌ಇ 0107-5240. 2002ರಲ್ಲಿ ಪತ್ತೆಯಾದಾಗ ಇದರ ಕಬ್ಬಿಣ ಸೂರ್ಯನ ಎರಡು ಲಕ್ಷದ ಒಂದು ಭಾಗ, ಅಲ್ಲಿಯವರೆಗೆ ಕಂಡದ್ದರಲ್ಲೆಲ್ಲ ಕಡಿಮೆ. ಗುಂಡ್ಲುಪೇಟೆಯಿಂದ ಅದು ದಕ್ಷಿಣ ದಿಗಂತದ ಮೇಲೆ 26 ಡಿಗ್ರಿಯವರೆಗೆ ಏರುತ್ತದೆ, ಗೋಪಾಲಸ್ವಾಮಿ ಬೆಟ್ಟದಿಂದ ನೋಡಿದರೆ ನೀಲಗಿರಿಯ ಕಡೆ. ಬರಿಗಣ್ಣಿಗೆ ಮಾತ್ರ ಕಾಣದು. ಅದಕ್ಕೆ ಜೊತೆಗಾರನಿದ್ದಾನೋ ಇಲ್ಲವೋ ಎಂಬ ವಾದ ಹದಿನೈದು ವರ್ಷಕ್ಕೂ ಮಿಕ್ಕಿ ನಡೆಯಿತು. ಕೊನೆಗೆ ಚಿಲಿಯ ದೈತ್ಯ ದೂರದರ್ಶಕದ ಎಸ್‌ಪ್ರೆಸೊ ಉಪಕರಣ ಓಲಾಟವನ್ನು ಖಚಿತಪಡಿಸಿತು: ಒಂದು ಸುತ್ತಿಗೆ ಸುಮಾರು 13,000 ದಿನ, ಅಂದರೆ 36 ವರ್ಷದ ಆಸುಪಾಸು. ಜೊತೆಗಾರ ಸಿಕ್ಕ. ಇಂಗಾಲ ಕೊಟ್ಟವನು ಅವನಲ್ಲ ಎಂಬ ಅನುಮಾನವೂ ಅದರ ಜೊತೆಗೇ ಸಿಕ್ಕಿತು. ಇಂಗಾಲದ ಎರಡು ಐಸೊಟೋಪುಗಳಾದ 12 ಮತ್ತು 13ರ ಅನುಪಾತ ಅಲ್ಲಿ 87ರ ಸುಮಾರಿಗಿದೆ, ದೈತ್ಯ ಸುರಿದ ಸರಕಿನಲ್ಲಿ ನಿರೀಕ್ಷಿಸುವಂತೆ ಇಲ್ಲ. ಪಕ್ಕದಲ್ಲಿದ್ದ ಮಾತ್ರಕ್ಕೆ ಕೊಟ್ಟವನಾಗುವುದಿಲ್ಲ.

ಮುಖ ಮಾಡಿ ಮಲಗಿದ ತಟ್ಟೆಗಳಿಗೆ ಮದ್ದು ಯುರೋಪಿನ ಗಾಯಾ ಉಪಗ್ರಹ. 2025ರಲ್ಲಿ ಕೆಲಸ ನಿಲ್ಲಿಸುವವರೆಗೆ ಅದು ಗೆರೆ ನೋಡುವುದಕ್ಕಿಂತ ಹೆಚ್ಚಾಗಿ ನಕ್ಷತ್ರದ ಜಾಗವನ್ನೇ ಅಳೆಯುತ್ತಿತ್ತು, ಬೆಸೆಲ್ ಲುಬ್ಧಕಕ್ಕೆ ಮಾಡಿದ್ದನ್ನು ನೂರು ಕೋಟಿಗೂ ಹೆಚ್ಚು ನಕ್ಷತ್ರಗಳಿಗೆ ಮಾಡಿದೆ. 2024ರ ಏಪ್ರಿಲ್‌ನಲ್ಲಿ ಅದರ ಕಡತಗಳಿಂದಲೇ ಹೊರಬಂದದ್ದು ಸೂರ್ಯನ 33 ಪಟ್ಟು ತೂಕದ ಒಂದು ಕಪ್ಪುಕುಳಿ. ಸುಮಾರು ಎರಡು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಲೋಹ ಕಡಿಮೆ ಇರುವ ಮುದಿ ನಕ್ಷತ್ರವೊಂದು ಅದನ್ನು ಹನ್ನೊಂದೂವರೆ ವರ್ಷಕ್ಕೊಮ್ಮೆ ಸುತ್ತುತ್ತಿದೆ. ಅಷ್ಟು ಭಾರದ ಜೊತೆಗಾರ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಾಯಾದ ಮುಂದಿನ ದೊಡ್ಡ ಕಂತು 2026ರ ಡಿಸೆಂಬರ್‌ನಲ್ಲಿ ಬರಬೇಕಿದೆ. ಅದರಲ್ಲಿ ಒಂದೊಂದು ನಕ್ಷತ್ರದ ಒಂದೊಂದು ಅಳತೆಯೂ ದಿನಾಂಕದ ಸಮೇತ ಇರುತ್ತದೆ.

ಈ ಮಾಹಿತಿಗೆ ಕಾಸು ಕೊಡಬೇಕಿಲ್ಲ, ಯಾರ ಶಿಫಾರಸೂ ಬೇಡ. ಎಂ-67ರ ಬೇರಿಯಂ ಅಳೆದದ್ದೂ ಆಸ್ಟ್ರೇಲಿಯದ ಸಮೀಕ್ಷೆಯೊಂದು ಸಾರ್ವಜನಿಕವಾಗಿ ಇಟ್ಟ ರೋಹಿತಗಳಿಂದಲೇ. ಬೇಕಾದದ್ದು ಒಂದು ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಸ್ವಲ್ಪ ಪೈಥಾನ್, ಡಿಗ್ರಿ ಮಟ್ಟದ ಭೌತವಿಜ್ಞಾನ. ಚಾಮರಾಜನಗರ, ಗುಂಡ್ಲುಪೇಟೆಯ ಕಾಲೇಜುಗಳಲ್ಲಿ ಬಿಎಸ್ಸಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಪ್ರಾಜೆಕ್ಟ್ ಹೆಸರಿನಲ್ಲಿ ಹಳೆಯ ವರ್ಷದ ರೆಕಾರ್ಡ್ ಪುಸ್ತಕ ನಕಲು ಮಾಡಿಸುವ ಬದಲು, ಇಂಗಾಲ ಹೆಚ್ಚಿರುವ ಹತ್ತು ನಕ್ಷತ್ರಗಳ ಪಟ್ಟಿ ಕೊಟ್ಟು ಅವು ಓಲಾಡುತ್ತಿವೆಯೇ ನೋಡಿ ಬನ್ನಿ ಎಂದು ಮೇಷ್ಟರುಗಳು ಹೇಳಬಹುದು. ಡಿಸೆಂಬರ್‌ವರೆಗೂ ಕಾಯಬೇಕಿಲ್ಲ, ಗಾಯಾದ ಮೂರನೆಯ ಕಂತು 2022ರಿಂದಲೂ ಅಲ್ಲೇ ಇದೆ.